ತಲೆ ಮೇಲಿನ ಹೆಂಟೆ

"ತೊಳೆಯೋದೆಲ್ಲ ಆಮೇಲೆ. ಮೊದ್ಲು ಅವನ ಬಲಗೈ ಬಿಡಿಸು," ಎಂದ ಮಠದ ಪಾರುಪತ್ಯಗಾರ.

ನಾನು ಆಗಷ್ಟೇ ವ್ಲಾಸಿಯ ಅಂಗಿಯ ಕಸೆ ಬಿಚ್ಚಿದ್ದೆ. ಪಕ್ಕದಲ್ಲಿ ಬಿಸಿನೀರಿನ ಮಡಕೆ ಹಬೆಯಾಡುತ್ತಿತ್ತು. ನಮ್ಮೂರಲ್ಲಿ ಯಾರು ಸತ್ತರೂ ಮೈ ತೊಳೆಯುವವಳು ನಾನು, ಅರ್ಗಿರೊ. ಅತ್ತೆಯ ಕೈಯಿಂದ ನನ್ನ ಕೈಗೆ ಬಂದ ಕೆಲಸ ಅದು. ಹೆಣ ತೊಳೆಯುವ ಹೊತ್ತಿನಲ್ಲಿ ಗಂಡಸರು ಒಳಗೆ ಕಾಲಿಡುವುದಿಲ್ಲ, ಪಾದ್ರಿ ಕೂಡ ಹೊಸಿಲಾಚೆ ನಿಂತೇ ಪ್ರಾರ್ಥನೆ ಹೇಳುತ್ತಾನೆ. ಆವತ್ತು ಇಬ್ಬರು ಬಂದರು. ಮುಂದೆ ಪಾರುಪತ್ಯಗಾರ ಪಾಖೋಮಿ, ಕರಿ ನಿಲುವಂಗಿಯ ತುಂಬ ಹಿಮ. ಹಿಂದೆ ನಮ್ಮೂರ ಪಾದ್ರಿ ಫೋತಿ, ಕಂಕುಳಲ್ಲಿ ಬರೆಯುವ ಹಲಗೆ. ಮಸಿ ಹೆಪ್ಪುಗಟ್ಟಬಾರದೆಂದು ದೌತಿಯನ್ನು ಅಂಗಿಯೊಳಗೆ ಎದೆಗೆ ಒತ್ತಿಕೊಂಡಿದ್ದ. ಊರಲ್ಲಿ ಅಕ್ಷರ ಬಲ್ಲವನು ಅವನೊಬ್ಬನೇ. ಮದುವೆ ಮಾಡಿಸುವವನೂ ಅವನೇ, ಹೊಲದ ಕ್ರಯಪತ್ರ ಬರೆಯುವವನೂ ಅವನೇ.

"ಅವ್ನು ಸತ್ತೋದ ಬುದ್ಧಿ," ಎಂದಳು ವ್ಲಾಸಿಯ ಹೆಂಡತಿ ಸ್ತಮಾತಿ. ಒಲೆಯ ಪಕ್ಕದಲ್ಲಿ ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ಬೆಳಗಾಗೋಕ್ ಮುಂಚೇನೇ ಓದ."

"ಇನ್ನೂ ಸತ್ತಿಲ್ಲ. ನಾಳೆ ಸಾಯ್ತಾನೆ," ಎಂದ ಪಾಖೋಮಿ.

ಸ್ತಮಾತಿ ನನ್ನ ಮುಖ ನೋಡಿದಳು. ನಾನು ವ್ಲಾಸಿಯ ಮುಖ ನೋಡಿದೆ.

"ಹಾಗೆ ನೋಡ್ಬೇಡ, ತಿಳೀಲಿಲ್ವಾ? ಹೊಲ ಇರೋದು ಅವನ ಹೆಸರಲ್ಲಿ. ಇವತ್ತೇ ಸತ್ತ ಅಂದ್ರೆ ಅದು ಈ ಚೋಟುದ್ದ ಹುಡುಗೀದಾಗುತ್ತೆ. ಇದು ದೊಡ್ಡದಾಗೋ ತನಕ ಯಾರೂ ಕೊಳ್ಳೋ ಹಾಗಿಲ್ಲ. ನಮ್ಮ ಜವೆಗೋಧಿ ತಿಂದಿದೀರಲ್ಲ, ಅದನ್ನ ವಾಂತಿ ಮಾಡಿ ಕೊಡ್ತೀಯಾ ಮುಂಡೆ?"

ಜವೆ ತಿಂದದ್ದು ನಿಜ. ಆ ವರ್ಷದ ಚಳಿ ಅಂಥದು. ಸ್ತ್ರಿಮೋನ್ ಹೊಳೆ ಕಲ್ಲಾಗಿ ಅದರ ಮೇಲೆ ಗಾಡಿ ಓಡಾಡಿದವು. ಬಿತ್ತಿದ್ದು ನೆಲದಲ್ಲೇ ಸುಟ್ಟುಹೋಯಿತು. ಮೊದಲು ಬೀಜದ ಕಾಳು ತಿಂದೆವು, ಆಮೇಲೆ ಎತ್ತು ತಿಂದೆವು, ಆಮೇಲೆ ಓಕ್ ಮರದ ಕಾಯಿ ಬೀಸಿ ರೊಟ್ಟಿ ಸುಟ್ಟೆವು. ಆ ರೊಟ್ಟಿ ತಿಂದವರ ಹೊಟ್ಟೆ ಹಿಡಿದುಕೊಂಡು ಬಿಡುತ್ತಿರಲಿಲ್ಲ. ಮಠದ ಕಣಜ ಮಾತ್ರ ತುಂಬಿತ್ತು. ಪಾಖೋಮಿ ಮನೆ ಮನೆಗೆ ಬಂದ. ಬಾಯಿ ತೆರೆದು ಹಲ್ಲು ನೋಡಿ ಕುದುರೆ ಕೊಳ್ಳುವವನ ಹಾಗೆ ಹಿಟ್ಟಿನ ಮಡಕೆಯೊಳಗೆ ಇಣುಕಿ ನೋಡಿ ಹೊಲದ ಬೆಲೆ ಹೇಳಿದ. ವ್ಲಾಸಿಯ ಹೊಲಕ್ಕೆ ಎರಡು ಮೂಟೆ ಜವೆ ಎಂದ. ಒಂದು ಮೂಟೆ ಮುಗ್ಗಲು.

ಹೊಲ ಮಾರುವ ಮೊದಲು ಪಕ್ಕದ ಹೊಲದವರನ್ನು ಕೇಳಬೇಕು, ಅವರು ಬೇಡ ಅಂದಮೇಲೇ ಹೊರಗಿನವನಿಗೆ ಕೊಡಬೇಕು. ಅದು ಚಕ್ರವರ್ತಿಯ ಕಾನೂನು. ಪಾಖೋಮಿ ಕಾನೂನು ಮೀರುವವನಲ್ಲ. ನಮ್ಮನ್ನೆಲ್ಲ ಚರ್ಚಿನ ಜಗಲಿಗೆ ಕರೆಸಿದ. ಆ ಎರಡು ಮೂಟೆಯನ್ನು ನಮ್ಮೆದುರು ಇಡಿಸಿ, "ನಿಮ್ಮಲ್ಲಿ ಯಾರಾದ್ರೂ ಈ ಹೊಲ ತಗೊಳ್ತೀರಾ? ತಗೊಳ್ಳೋರು ಇದರ ಸಮ ಎರಡು ಮೂಟೆ ತಂದು ಇಲ್ಲಿಡಿ," ಎಂದ.

ಎರಡು ಮೂಟೆ ಯಾರ ಮನೆಯಲ್ಲೂ ಇರಲಿಲ್ಲ. ನನ್ನ ಗಂಡ ಲಾಂಪ್ರೊಗೆ ಬಾಯಿ ಸುಮ್ಮನಿರುವುದಿಲ್ಲ. "ಒಂದ್ ಮೂಟೆ ಬಿಚ್ಚಿ ಬುದ್ಧಿ, ತಿಂದ್ಕೊಂಡ್ ಯೋಚ್ನೆ ಮಾಡಿ ಯೋಳ್ತೀವಿ," ಎಂದ. ಹಸಿದವರಿಗೂ ನಗು ಬಂತು. ಪಾಖೋಮಿಯೂ ನಕ್ಕ. ನಗುತ್ತಲೇ ತನ್ನ ಆಳಿಗೆ ಕಣ್ಸನ್ನೆ ಮಾಡಿದ. ಆಳು ಚಾಟಿಯ ಹಿಡಿಯಿಂದ ಲಾಂಪ್ರೊನ ಬಾಯಿಗೆ ಕೊಟ್ಟ ಏಟಿಗೆ ಮುಂದಿನ ಹಲ್ಲು ಜಗಲಿಯ ಮೇಲೆ ಬಿತ್ತು.

"ಪಕ್ಕದ ಹೊಲದವನು ಬೇಡ ಅಂದ. ಬರ್ಕೊ," ಎಂದ ಪಾಖೋಮಿ ಪಾದ್ರಿಗೆ.

ಭಾನುವಾರ ಪೂಜೆ ಮುಗಿದ ಮೇಲೆ ಪತ್ರ ಮಾಡುವುದು ಎಂದು ಮಾತಾಗಿತ್ತು. ವ್ಲಾಸಿ ಅಲ್ಲಿಯ ತನಕ ಬದುಕಲಿಲ್ಲ. ಅವನು ಆ ಜವೆಯ ಗಂಜಿಯನ್ನು ಒಂದು ತೊಟ್ಟೂ ಕುಡಿದವನಲ್ಲ. ಹೆಂಡತಿ ಬಟ್ಟಲು ಮುಂದೆ ಹಿಡಿದರೆ ಆಗಲೇ ಕುಡಿದೆ ಅನ್ನುತ್ತಿದ್ದನಂತೆ.

ಅಂಥವನ ಕೈಯನ್ನು ಈಗ ಬಿಡಿಸಬೇಕಾಗಿತ್ತು.

ನಮ್ಮ ಕಡೆ ಮಾರುವವನು ಪತ್ರದ ನೆತ್ತಿಯ ಮೇಲೆ ತನ್ನ ಕೈಯಾರೆ ಒಂದು ಶಿಲುಬೆ ಗೀರಬೇಕು. ಅದರ ಸುತ್ತ ಪಾದ್ರಿ ಹೆಸರು ಬರೆಯುತ್ತಾನೆ. ಅಕ್ಷರ ಬಾರದವರ ರುಜು ಅದೇ. ನಾನು ಕೈ ಕಟ್ಟಿಕೊಂಡು ನಿಂತೆ. "ನಾನು ತೊಳ್ಯೋಳು ಬುದ್ಧಿ. ಬರ್ಸೋಳಲ್ಲ," ಎಂದೆ.

"ನಿನ್ನ ಯಾರು ಕೇಳಿದ್ರು," ಎಂದು ಪಾಖೋಮಿ ತಾನೇ ಮಂಡಿಯೂರಿ ಕೂತ. ಬೆರಳು ಸೆಟೆದುಕೊಂಡಿದ್ದವು. ಎರಡು ಸಲ ಎಳೆದು ನೋಡಿದ. ಆಮೇಲೆ ನನ್ನ ಮಡಕೆಯನ್ನು ಹತ್ತಿರಕ್ಕೆಳೆದು ಆ ಕೈಯನ್ನು ಬಿಸಿನೀರಿನಲ್ಲಿ ಅದ್ದಿ ಹಿಡಿದ. ಕೈ ಮೆತ್ತಗಾಯಿತು. ಮಗು ತಾಯಿಯನ್ನು, "ಅಪ್ಪನ್ ಕೈಗೆ ಚಳಿಯಾಯ್ತದಾ?" ಎಂದು ಕೇಳಿತು. ಪಾದ್ರಿ ಜೊಂಡಿನ ಲೇಖನಿಯನ್ನು ಆ ಬೆರಳುಗಳ ನಡುವೆ ಸಿಕ್ಕಿಸಿದ. ಪಾಖೋಮಿ ಮೇಲಿಂದ ಮುಷ್ಟಿ ಹಿಡಿದು ಒಂದು ಗೀರು ಉದ್ದ, ಒಂದು ಗೀರು ಅಡ್ಡ ಎಳೆಸಿದ. ಶಿಲುಬೆ ಸೊಟ್ಟಗಾಯಿತು.

"ಬದುಕಿದ್ದಾಗ ಏನು ಇದಕ್ಕಿಂತ ನೆಟ್ಟಗೆ ಎಳೀತಿದ್ನಾ, ಬಿಡು," ಎಂದ.

"ಮಾರೋನಿಗೆ ಓದಿ ಹೇಳ್ಬೇಕು... ಹಾಗಂತ ಪದ್ಧತಿ," ಎಂದ ಪಾದ್ರಿ ಮೆಲ್ಲಗೆ. ಇಷ್ಟಕ್ಕಾದರೂ ನಿಂತೀತು ಎಂದುಕೊಂಡನೋ ಏನೋ.

"ಓದು ಮತ್ತೆ."

ಓದಿದ. ಹೆಣದ ತಲೆಯ ಹತ್ತಿರ ನಿಂತು, ಹೆಣಕ್ಕೇ ಓದಿದ. "ವ್ಲಾಸಿಯಾದ ನಾನು, ಯಾರ ಬಲವಂತವೂ ಇಲ್ಲದೆ, ಯಾರ ಮೋಸವೂ ಇಲ್ಲದೆ, ಸ್ವಸಂತೋಷದಿಂದ, ನನ್ನ ಹೊಲವನ್ನು ಅದರ ನೀರು, ಮರ, ಕಲ್ಲು, ನೆಲದ ಮೇಲಿರುವುದು ನೆಲದ ಕೆಳಗಿರುವುದು ಸಮೇತ ಶಾಶ್ವತವಾಗಿ ಮಾರಿರುತ್ತೇನೆ. ಬೆಲೆಯನ್ನು ಚಿನ್ನದಲ್ಲಿ ಪೂರ್ತಿ ಪಡೆದಿರುತ್ತೇನೆ. ಎಂದಾದರೂ ಈ ಮಾತಿಗೆ ತಪ್ಪಿದರೆ ಧರ್ಮಸಭೆಯ ಮುನ್ನೂರ ಹದಿನೆಂಟು ಪವಿತ್ರ ಪಿತೃಗಳ ಶಾಪವೂ ಗುರುದ್ರೋಹಿ ಯೂದನ ನೇಣೂ ನನಗೇ ಬರಲಿ."

"ಒಪ್ಪಿಗೇನಾ ಅಂತ ಕೇಳ್ಬೇಕು," ಎಂದ, ಇನ್ನೂ ಮೆಲ್ಲಗೆ.

"ಕೇಳು."

"ವ್ಲಾಸಿ, ಒಪ್ಪಿಗೇನಪ್ಪಾ?"

ಒಲೆಯಲ್ಲಿ ಹಸಿ ಸೌದೆ ಸುಯ್ಯೆಂದಿತು. ಪಾಖೋಮಿ ಎದ್ದು ಮಂಡಿಯ ಮಣ್ಣು ಕೊಡವಿಕೊಂಡ. "ಸುಮ್ನಿದಾನೆ. ಒಪ್ಪಿದ ಹಾಗೇ. ಇನ್ನು ಬೇಕಾದ್ರೆ ಸಾಯ್ಲಿ," ಎಂದು ಹೊರಗೆ ಹೋದ.

ಆ ಹೆಬ್ಬೆರಳಿಗೆ ಹತ್ತಿದ ಮಸಿ ಹೋಗಲಿಲ್ಲ. ಬೂದಿ ಹಾಕಿ ತಿಕ್ಕಿದೆ, ಇದ್ದ ಚೂರು ಎಣ್ಣೆ ಹಚ್ಚಿ ತಿಕ್ಕಿದೆ. ನೇಗಿಲು ಹಿಡಿದು ಹಿಡಿದು ಬಿರಿದ ಬೆರಳು, ಮಸಿ ಆ ಬಿರುಕುಗಳ ಆಳಕ್ಕೆ ಇಳಿದಿತ್ತು. ಎಷ್ಟೋ ಹೆಣ ತೊಳೆದಿದ್ದೇನೆ, ಹೊಲದವನ ಕೈಯಲ್ಲಿ ಮಸಿ ಕಂಡದ್ದು ಅದೇ ಮೊದಲು. ಹಾಗೇ ಕಳಿಸಿದೆವು.

ಕಳಿಸುವುದಾದರೂ ಎಲ್ಲಿಗೆ? ಚರ್ಚಿನ ಹಿಂದಿನ ನೆಲಕ್ಕೆ ಗುದ್ದಲಿ ಹಾಕಿದರೆ ಠಣ್ ಎನ್ನುತ್ತಿತ್ತು. ಗುನಾರಜ್ಜ ಬಂದ. ಹಿಂದಿನ ವರ್ಷವೇ ತನ್ನ ಹೊಲವನ್ನು ಮಠಕ್ಕೆ ಬರೆದುಕೊಟ್ಟು, ಅದೇ ಹೊಲದಲ್ಲಿ ಮಠದ ಎತ್ತು ಹೊಡೆಯುತ್ತಿದ್ದ ಮುದುಕ. "ಊರಲ್ಲೆಲ್ಲ ಅಗ್ಯಕ್ ಬರೋ ನೆಲ ಒಂದೇ ಇರೋದು," ಎಂದ. "ವ್ಲಾಸಿ ಹೊಲದ ತಿಪ್ಪೆ ಕೆಳ್ಗೆ. ಅಲ್ಲಿ ಇನ್ನೂ ಬೆಚ್ಗಿದೆ."

"ತಿಪ್ಪೇಲಾ?" ಎಂದಳು ಸ್ತಮಾತಿ.

"ಅವ್ನೇ ಆಕಿದ್ ಗೊಬ್ಬರ ಕಣವ್ವ. ಬೇರೇವ್ರದಲ್ಲ."

ತಿಪ್ಪೆ ಸರಿಸಿ ಅಗೆದು ಮಲಗಿಸಿದೆವು. ಮೇಲೆ ಮಣ್ಣು ಮುಚ್ಚಿ, ಗೊಬ್ಬರ ಎಳೆದು, ಒಂದು ಕಲ್ಲಿಟ್ಟೆವು. ಮಾರನೆಯ ಬೆಳಿಗ್ಗೆ ನೋಡಿದರೆ ಸುತ್ತ ಬಯಲೆಲ್ಲ ಬಿಳಿ, ಅಷ್ಟು ಜಾಗ ಮಾತ್ರ ಕಪ್ಪು. ಅಲ್ಲಿಂದ ಹಬೆ ಏಳುತ್ತಿತ್ತು. ತಿಪ್ಪೆಯ ಕಾವು ಅದು, ನಮಗೆಲ್ಲ ಗೊತ್ತು. ಗೊತ್ತಿದ್ದರೂ ಆ ದಾರಿ ಹಿಡಿದವರು ಕತ್ತು ಬಗ್ಗಿಸಿಕೊಂಡು ಹೋಗುತ್ತಿದ್ದರು. ವ್ಲಾಸಿ ಉಸಿರಾಡುತ್ತಿದ್ದಾನೆ ಎಂದು ಹೆಂಗಸರು ಬಾವಿಯ ಹತ್ತಿರ ಮಾತಾಡಿಕೊಂಡರು. ನಾಯಿಗಳು ಬೆಚ್ಚಗಿನ ನೆಲ ಹುಡುಕುವ ಕಾಲ ಅದು, ಒಂದು ನಾಯಿಯೂ ಅಲ್ಲಿ ಹೋಗಿ ಮಲಗಲಿಲ್ಲ.

ಒಂದು ಸಂಜೆ ಸ್ತಮಾತಿ ಸೌದೆ ಹೊರೆ ನನ್ನ ಬಾಗಿಲಲ್ಲಿ ಇಳಿಸಿ ಕೂತಳು.

"ಅರ್ಗಿರಕ್ಕ, ಅವ್ನು ಬತ್ತಾನೆ."

"ಯಾವಾಗ?"

"ಒತ್ತು ಮುಳುಗೋವಾಗ. ಒಲದ್ ಮೂಲೆಗಲ್ತಾವ ನಿಂತಿರ್ತಾನೆ. ಬಾಯ್ ಬಿಡಲ್ಲ. ಕೈ ಮುಂದ್ ಮಾಡ್ತಾನೆ. ತೊಳಿ ಅಂತಾನೋ ಏನೋ."

ಸುಳ್ಳು ಕಣೆ ಎನ್ನಲು ನನಗೆ ನಾಲಿಗೆ ಬರಲಿಲ್ಲ. ಮಡಕೆಯ ನೀರು ಬಿಸಿಯಾದಾಗಲೆಲ್ಲ ಆ ಕೈ ಅದರೊಳಗೆ ಇದ್ದಂತೆ ನನಗೂ ಕಾಣುತ್ತಿತ್ತು.

"ಅವ್ನು ಕರಗ್ತಾನೇನಕ್ಕ?" ಎಂದು ಕೇಳಿದಳು.

ಅವಳ ಭಯ ಅದು, ಊರವರ ಭಯವೂ ಅದೇ. ಶಾಪ ಹೊತ್ತವನನ್ನು ಮಣ್ಣು ತಿನ್ನುವುದಿಲ್ಲ. ಮೂರನೇ ವರ್ಷಕ್ಕೆ ಗುಂಡಿ ಅಗೆದು ಎಲುಬು ಎತ್ತಿ, ವೈನಿನಲ್ಲಿ ತೊಳೆದು ಇಡುವುದು ನಮ್ಮ ಪದ್ಧತಿ. ಆ ತೊಳೆಯುವ ಕೆಲಸವೂ ನನ್ನದೇ. ಎಲುಬು ಹಳದಿಯಾಗಿ ಹಗುರಾಗಿ ಬಂದರೆ ಸತ್ತವನು ಬಿಡುಗಡೆಯಾದ ಎಂದು ತಿಳಿಯುತ್ತೇವೆ. ವ್ಲಾಸಿ ಬದುಕಿದ್ದಾಗ ಯಾರಿಗೂ ಮಾತು ಕೊಟ್ಟು ತಪ್ಪಿದವನಲ್ಲ. ಸತ್ತ ಮೇಲೆ ಅವನ ಕೈಯಲ್ಲಿ ಮುನ್ನೂರ ಹದಿನೆಂಟು ಜನರ ಶಾಪ ಬರೆಸಿಕೊಂಡಿದ್ದರು.

"ಮೂರ್ ವರ್ಷ ಆಗ್ಲಿ. ನಾನೇ ಎತ್ತಿ ತೊಳೀತೀನಿ. ಆ ಬೆರಳ್ನ ಮೊದ್ಲು ತೊಳೀತೀನಿ, ಸಾಕಾ?" ಎಂದೆ.

"ಅಲ್ಲೀಗಂಟ ಅವ್ನ್ ಮೇಲೆ ನೇಗ್ಲು ಆಡ್ಬಾರ್ದು," ಎಂದಳು.

ಚಳಿ ಸಡಿಲವಾಗಿ ಹೊಳೆಯ ಮಂಜುಗಡ್ಡೆ ಒಡೆದ ಮೇಲೆ ಪಾಖೋಮಿ ಹೊಲ ನೋಡಲು ಬಂದ. ಹೊಳೆಯಾಚೆ ಇನ್ನೊಂದು ಮಠದ ಜಮೀನು. ಇವರ ಗಡಿ ಒಂದು ಗೇಣು ಸಡಿಲಾಗಿದ್ದರೂ ಅವರು ನುಂಗಲು ಕಾದಿದ್ದರು. ಹಾಗಾಗಿ ಇವನಿಗೆ ಗಡಿ ನಡೆಸುವ ಅವಸರ. ಸ್ತಮಾತಿ ಹೋಗಿ ಅವನ ಹೇಸರಗತ್ತೆಯ ಮುಂದೆ ಅಡ್ಡಬಿದ್ದಳು. ನಾನು ಪಕ್ಕದಲ್ಲೇ ಇದ್ದೆ.

"ಒಲ ನಿಮ್ದೇ ಬುದ್ಧಿ. ನಾನ್ ಬ್ಯಾಡ ಅನ್ನಕಿಲ್ಲ. ಆಳುದ್ದದ ಆ ಒಂದ್ ಜಾಗ ಬುಟ್ಬುಡಿ. ಮೂರ್ ವರ್ಷ ಸಾಕು. ಎಲುಬು ಎತ್ಕೊಂಡ್ ಒಂಟೋಯ್ತೀನಿ."

"ಯಾವ ಜಾಗ?"

"ತಿಪ್ಪೆ ಇದ್ದ ಜಾಗ."

ಪಾಖೋಮಿ ಪಾದ್ರಿಯ ಕಡೆ ತಿರುಗಿದ. "ಪತ್ರದಲ್ಲಿ ಏನಂತ ಬರ್ದಿದೀಯ?"

ಪಾದ್ರಿ ನೆಲ ನೋಡಿಕೊಂಡು ಹೇಳಿದ: "ನೆಲದ ಮೇಲಿರೋದು, ನೆಲದ ಕೆಳಗಿರೋದು ಸಮೇತ."

"ಕೇಳಿಸ್ತಾ? ನಿನ್ನ ಗಂಡ ತನ್ನನ್ನೇ ಮಾರ್ಕೊಂಡಿದಾನೆ. ಈಗ ಅವನೂ ಮಠದೋನೇ." ಮೆಚ್ಚುಗೆಯಿಂದ ಎಂಬಂತೆ ಹೇಳಿದ: "ಗೊಬ್ಬರದ ನೆಲ, ಮೊದಲ ಬೆಳೆ ಅಲ್ಲೇ ಸೊಗಸಾಗಿ ಬರುತ್ತೆ. ನಾಳೆ ಬೆಳಿಗ್ಗೆ ಗಡಿ ನಡಿ. ಹೆಂಟೆ ಇಳಿಸಿದ ತಕ್ಷಣ ನೇಗಿಲು ಹೂಡ್ತಾರೆ. ಮುಂದಕ್ಕೆ ನೀನೇ ಇಲ್ಲಿ ಕಳೆ ಕಿತ್ಕೊಂಡಿರು, ಗುಡಿಸಲಿಂದ ಓಡಿಸಲ್ಲ. ಮಠ ದಯಾವಂತರದು."

ಸ್ತಮಾತಿ ಎದ್ದು ಮುಖದ ಕೆಸರು ಒರೆಸಿಕೊಂಡಳು. ಅಳಲಿಲ್ಲ. ಆ ಸಂಜೆ ತನ್ನ ಮನೆಯ ಒಳ್ಳೆಯ ಮಡಕೆಯನ್ನು ತಂದು ನನ್ನ ಜಗಲಿಯ ಮೇಲಿಟ್ಟು, "ಇಟ್ಕೊ ಅಕ್ಕ," ಎಂದಳು. ಯಾಕೆ ಎಂದರೆ ಮಗಳ ಕೈ ಹಿಡಿದುಕೊಂಡು ಹೊರಟೇಹೋದಳು.

ಗಡಿ ನಡೆಯುವುದೆಂದರೆ ಹೀಗೆ. ಮಾರಿದವನು, ಅವನಿಲ್ಲದಿದ್ದರೆ ಅವನ ಮನೆಯವರು, ಚರ್ಚಿನ ಮರದ ಶಿಲುಬೆಯನ್ನು ಕೊರಳಿಗೆ ಹಾಕಿಕೊಂಡು, ಮಾರಿದ ಹೊಲದ ಒಂದು ಮಣ್ಣಿನ ಹೆಂಟೆಯನ್ನು ತಲೆಯ ಮೇಲೆ ಹೊತ್ತು ಮೂಲೆಗಲ್ಲಿನಿಂದ ಹೊರಡಬೇಕು. ನಡೆದದ್ದೇ ಗಡಿ. ಹಿಂದೆ ಪಾದ್ರಿ ಬರೆದುಕೊಂಡು ಬರುತ್ತಾನೆ. ಸುಳ್ಳು ಹೆಜ್ಜೆ ಇಟ್ಟರೆ ಆ ಹೆಂಟೆಯ ಭಾರ ಪರಲೋಕದಲ್ಲೂ ಕತ್ತಿನಿಂದ ಇಳಿಯುವುದಿಲ್ಲ. ಸುತ್ತು ಮುಗಿಸಿ ಅದೇ ಮೂಲೆಗಲ್ಲಿನ ಮೇಲೆ ಹೆಂಟೆ ಇಳಿಸಿದರೆ ಗಡಿ ಮುಚ್ಚಿತು, ಹೊಲ ಕೈಬದಲಾಯಿತು. ಇಳಿಸುವ ತನಕ ಹೊತ್ತವರನ್ನು ಯಾರೂ ಮುಟ್ಟಬಾರದು, ಮಾತಾಡಿಸಬಾರದು. ಮುಟ್ಟಿದವನ ತಲೆಗೆ ಆ ಭಾರ ಹತ್ತುತ್ತದೆ. ನಮ್ಮೂರಲ್ಲಿ ಬಸುರಿಗೆ ಒದ್ದವರಿದ್ದಾರೆ, ಚರ್ಚಿನ ದೀಪದ ಎಣ್ಣೆ ಕದ್ದವರಿದ್ದಾರೆ. ಹೆಂಟೆ ಹೊತ್ತವರನ್ನು ಮುಟ್ಟಿದವರಿಲ್ಲ.

ಬೆಳಿಗ್ಗೆ ಮತ್ತೆ ಹಿಮ ಬಿದ್ದಿತ್ತು. ಊರೆಲ್ಲ ಸೇರಿತ್ತು. ಗುನಾರಜ್ಜ ಮಠದ ಎತ್ತುಗಳಿಗೆ ನೊಗ ಕಟ್ಟಿ ಹೊಲದ ಬದಿಯಲ್ಲಿ ನಿಂತಿದ್ದ. ಸ್ತಮಾತಿ ಶಿಲುಬೆಯನ್ನು ಕೊರಳಿಗೆ ಹಾಕಿಸಿಕೊಂಡು ನೆಟ್ಟಗೆ ಗಂಡನ ಗುಂಡಿಯ ಹತ್ತಿರ ಹೋದಳು. ಮಂಡಿಯೂರಿ ಬೆರಳಿನಿಂದಲೇ ಒಂದು ದಪ್ಪ ಹೆಂಟೆ ಕಿತ್ತಳು.

"ಅಲ್ಲಿಂದ್ಯಾಕೆ?" ಎಂದ ಪಾದ್ರಿ.

"ಎಲ್ಲಿಂದಾದ್ರೂ ಕಿತ್ಕೊಳ್ಲಿ. ಮಣ್ಣು ಮಣ್ಣೇ," ಎಂದ ಪಾಖೋಮಿ.

ಹೆಂಟೆ ತಲೆಗೇರಿತು. ಒಳಗಿನ ಕಾವು ಇನ್ನೂ ಆರಿರಲಿಲ್ಲ. ಆ ಚಳಿಯಲ್ಲಿ ಅವಳ ತಲೆಯ ಮೇಲಿನಿಂದ ಬಿಳಿ ಹಬೆ ಏಳತೊಡಗಿತು. ಹೆಂಗಸರು ಎದೆಯ ಮೇಲೆ ಶಿಲುಬೆ ಬರೆದುಕೊಂಡರು. ಯಾರೋ "ಅವ್ನೂ ಬಂದವ್ನೆ," ಎಂದರು.

ಮೂಲೆಗಲ್ಲಿನಿಂದ ಹೊರಟಳು. ಹಿಂದೆ ಮಗಳು ಒಂದು ಸಣ್ಣ ಗಂಟು ಹಿಡಿದುಕೊಂಡು ಹೊರಟಿತು. ಅದರ ಹಿಂದೆ ಹಲಗೆ ಹಿಡಿದ ಪಾದ್ರಿ, ಅವನ ಹಿಂದೆ ಪಾಖೋಮಿ, ಆಮೇಲೆ ನಾವು. ಸೀಳಿದ ಓಕ್ ಮರದ ತನಕ ನೇರ ನಡೆದಳು. ಅಲ್ಲಿಂದ ಹೊಳೆಯ ದಂಡೆ ಹಿಡಿದಳು. ದಂಡೆಯಿಂದ ನಮ್ಮ ಹೊಲದ ಬದು. ಒಂದು ಹೆಜ್ಜೆಯನ್ನೂ ಸುಳ್ಳು ಇಡಲಿಲ್ಲ. ಪಾಖೋಮಿಗೆ ಸಮಾಧಾನವಾಗಿ, "ಹೆಂಗಸು ಸಾಧು," ಎಂದು ಆಳಿಗೆ ಹೇಳಿದ್ದು ನನಗೆ ಕೇಳಿಸಿತು. ಸುತ್ತು ಮುಗಿಯುತ್ತ ಬಂತು. ಮೂಲೆಗಲ್ಲು ಎದುರಿಗೇ ಇತ್ತು.

ಸ್ತಮಾತಿ ಕಲ್ಲಿನ ಹತ್ತಿರ ಬಂದಳು. ಕ್ಷಣ ನಿಂತಳು. ಮತ್ತೆ ಹೆಜ್ಜೆ ಕಿತ್ತು, ಕಲ್ಲನ್ನು ದಾಟಿ, ಗಾಡಿದಾರಿಗೆ ಇಳಿದಳು.

ಪಾದ್ರಿ ಲೇಖನಿ ಎತ್ತಿ ಹಿಡಿದುಕೊಂಡೇ ಅವಳ ಹಿಂದೆ ಓಡಿದ. ತಿರುಗಿ, "ಈಗ ಏನ್ ಬರೀಲಿ?" ಎಂದು ಕೂಗಿದ.

"ಬರೀಬೇಡ, ಬೋಳಿಮಗನೆ, ನಿಲ್ಸು ಅವಳನ್ನ."

"ಮಾತಾಡಿಸೋ ಹಾಗಿಲ್ಲ."

ಪಾಖೋಮಿ ಆಳಿಗೆ ಕೈಸನ್ನೆ ಮಾಡಿದ. ನನ್ನ ಗಂಡನ ಹಲ್ಲು ಉದುರಿಸಿದ ಅದೇ ಆಳು. ಅವನು ಚಾಟಿಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಹಿಂದೆ ಸರಿದ. "ನನ್ಗೂ ಮಕ್ಳವೆ ಬುದ್ಧಿ," ಎಂದ. ಆಗ ಪಾಖೋಮಿಯೇ ನಿಲುವಂಗಿ ಎತ್ತಿಕಟ್ಟಿ ಓಡಿಹೋಗಿ ಅವಳ ಮುಂದೆ ಅಡ್ಡ ನಿಂತ. ಸ್ತಮಾತಿ ನಿಲ್ಲಲೂ ಇಲ್ಲ, ಬೇಗ ಹೆಜ್ಜೆ ಹಾಕಲೂ ಇಲ್ಲ, ಬಂದ ಹಾಗೇ ಬಂದಳು. ಅವನು ತೋಳು ಹಿಡಿಯಲು ಕೈ ಚಾಚಿದ. ತಲೆಯ ಮೇಲಿನ ಹಬೆ ಗಾಳಿಗೆ ಬಾಗಿ ಅವನ ಕೈಯನ್ನು ಸುತ್ತಿತು. ಬಲಗೈ ಅದು. ಬೆರಳುಗಳು ಅಲ್ಲೇ ಸೆಟೆದು ನಿಂತುಬಿಟ್ಟವು. ಅವಳು ಪಕ್ಕದಿಂದ ಹಾದು ಹೋದಳು, ಮಗುವೂ ಹಾದು ಹೋಯಿತು. ಹೋಗುತ್ತ ಮಗು ಅವನ ಕೈಯನ್ನೇ ನೋಡಿತು.

ಹೊಳೆ ದಾಟುವ ಹಾಯುಗಡದ ಆಚೆ ಸ್ವಲ್ಪ ಹೊತ್ತು ಕಂಡರು. ಆಮೇಲೆ ಹಬೆ ಮಾತ್ರ ಕಂಡಿತು. ಆಮೇಲೆ ಅದೂ ಇಲ್ಲ. ಬಯಲಾಚೆ ಪಟ್ಟಣವಿದೆ ಎನ್ನುತ್ತಾರೆ. ಅಲ್ಲಿಯ ತನಕ ಹೆಂಟೆ ಹೊತ್ತ ಕತ್ತು ತಡೆಯುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ಪಾಖೋಮಿ ತಿರುಗಿ ಬಂದ. ಕೈಯನ್ನು ನಿಲುವಂಗಿಗೆ ಒರೆಸುತ್ತಲೇ ಇದ್ದ. ನಮ್ಮ ಯಾರ ಮುಖವನ್ನೂ ನೋಡದೆ, "ಎತ್ತು ಹೂಡೋ ಮುದುಕ," ಎಂದ.

ಗುನಾರಜ್ಜ ಅಲುಗಲಿಲ್ಲ. "ಗಡಿ ಮುಚ್ಚಿಲ್ಲ ಬುದ್ಧಿ."

"ಹೂಡು ಅಂದೆ."

"ಮುಚ್ದೇ ಇರೋ ಒಲಕ್ಕೆ ನೇಗ್ಲು ಆಕಿದ್ರೆ ನನ್ ಮೈನೂ ಮಣ್ಣಲ್ ಕರಗಾಕಿಲ್ಲ. ಒಳೆ ಆಚೆ ಮಠದೋರೂ ನೋಡ್ತಾವ್ರೆ, ಅಗಾ."

ನಿಜ, ಆಚೆ ದಂಡೆಯಲ್ಲಿ ಎರಡು ಕರಿ ನಿಲುವಂಗಿಗಳು ನಿಂತಿದ್ದವು.

"ಅವಳು ಬರ್ದೇ ಹೋದ್ರೆ?"

"ಕಾಯ್ಬೇಕು," ಎಂದ ಗುನಾರಜ್ಜ. "ಎಷ್ಟ್ ದಿನ ಅಂತ ನಾನೇನ್ ಯೋಳ್ಲಿ."

ಲಾಂಪ್ರೊ ಹಲ್ಲಿಲ್ಲದ ಸಂದಿನಿಂದ ಉಗುಳಿದ. "ಬರ್ಕೊಳಿ ಪಾದ್ರಿಗಳೇ," ಎಂದ. "ಪಕ್ಕದ್ ಒಲದೋನೂ ನೋಡ್ದ ಅಂತ ಬರ್ಕೊಳಿ."

ಯಾರೂ ನಗಲಿಲ್ಲ. ನೊಗದಲ್ಲಿ ನಿಂತು ನಿಂತು ಸಾಕಾದ ಎಡಗಡೆಯ ಎತ್ತು ಬಾಲ ಎತ್ತಿ ಸಗಣಿ ಹಾಕಿತು. ಹಿಮದ ಮೇಲೆ ಅದು ಹಬೆಯಾಡಿತು. ನಾನು ಹೋಗಿ ಎರಡೂ ಕೈಯಿಂದ ಅದನ್ನು ಬಾಚಿಕೊಂಡು ಗುಂಡಿಯ ಹತ್ತಿರ ನಡೆದೆ. ಸ್ತಮಾತಿ ಹೆಂಟೆ ಕಿತ್ತ ಹಳ್ಳಕ್ಕೆ ಅದನ್ನು ತುಂಬಿ, ಅಂಗೈಯಿಂದ ಒತ್ತಿ ಸಮ ಮಾಡಿದೆ.